ಕತ್ತಿಗೂ ಕಡತಕ್ಕೂ ನಡುವಿನ ಕುರ್ಚಿ

1911ರ ಮೇ 21, ಭಾನುವಾರ. ಪ್ಯಾರಿಸ್ಸಿನ ಅಂಚಿಗಿರುವ ಇಸ್ಸಿ-ಲೆ-ಮುಲಿನೋ ಮೈದಾನದಲ್ಲಿ ಬೆಳ್ಳಂಬೆಳಗ್ಗೆಯೇ ಜನಜಾತ್ರೆ. ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ವಿಮಾನಗಳ ಪಂದ್ಯ ಅಂದು ಶುರುವಾಗಬೇಕಿತ್ತು. ಪ್ರಧಾನಿ ಅರ್ನೆಸ್ಟ್ ಮೋನಿಸ್, ಯುದ್ಧಮಂತ್ರಿ ಮೋರಿಸ್ ಬೆರ್ತೋ ಇಬ್ಬರೂ ನೋಡಲು ಬಂದಿದ್ದರು. ಎಮಿಲ್ ಟ್ರೇನ್ ಎಂಬ ವಿಮಾನಿಯ ಯಂತ್ರ ಮೇಲೇರಿದ ಸ್ವಲ್ಪ ಹೊತ್ತಿಗೇ ಕೈಕೊಟ್ಟಿತು. ಆತ ಮೈದಾನಕ್ಕೆ ಮರಳಿ ಇಳಿಸಲು ನೋಡಿದ. ಎದುರಿಗೆ ಕುದುರೆ ಸವಾರರ ತುಕಡಿಯೊಂದು ಹಾದುಹೋಗುತ್ತಿತ್ತು. ಅದನ್ನು ತಪ್ಪಿಸಲು ಹೋದ ವಿಮಾನ, ಆಚೆ ನಿಂತಿದ್ದ ಗಣ್ಯರ ಗುಂಪಿನ ಮೇಲೆಯೇ ಬಿತ್ತು. ಪ್ರಧಾನಿಯ ಕಾಲು ಮುರಿಯಿತು. ಯುದ್ಧಮಂತ್ರಿ ಅಲ್ಲೇ ತೀರಿಕೊಂಡರು.

ಬೆರ್ತೋ ಸೈನಿಕರಲ್ಲ, ಷೇರುಪೇಟೆಯ ದಲ್ಲಾಳಿಯಾಗಿ ಹಣ ಮಾಡಿದ ರಾಜಕಾರಣಿ. ಅವರ ಜಾಗಕ್ಕೆ ಬಂದ ಜನರಲ್ ಗ್ವಾರಾನ್ ಒಂದು ತಿಂಗಳು ಕುರ್ಚಿಯಲ್ಲಿದ್ದರು, ಅಷ್ಟೇ. ಯುದ್ಧ ಬಂದರೆ ಫ್ರೆಂಚ್ ಸೇನೆಗಳನ್ನೆಲ್ಲ ನಡೆಸುವವರು ಯಾರು ಎಂದು ಸೆನೆಟ್ಟಿನಲ್ಲಿ ಯಾರೋ ಕೇಳಿದರು. ಎಲ್ಲ ರಂಗಗಳಿಗೂ ಒಬ್ಬನೇ ಮಹಾದಂಡನಾಯಕ ಎಂಬ ಮಾತನ್ನು ಗ್ವಾರಾನ್ ಒಪ್ಪಲಿಲ್ಲ. ಯುದ್ಧದ ಒಟ್ಟು ಹೊಣೆ ಸರ್ಕಾರದ್ದು ಎಂದರು. ಆ ಉತ್ತರ ಎಬ್ಬಿಸಿದ ಗದ್ದಲದಲ್ಲಿ ಕೆಲವೇ ದಿನಗಳಲ್ಲಿ ಸರ್ಕಾರ ಉರುಳಿತು. ಬೆರ್ತೋ ತೀರಿಕೊಂಡಂದಿನಿಂದ 1914ರ ಆಗಸ್ಟಿನಲ್ಲಿ ಜರ್ಮನಿಯ ಜೊತೆ ಯುದ್ಧ ಶುರುವಾಗುವವರೆಗೆ ಲೆಕ್ಕ ಹಾಕಿದರೆ, ಅವರು ಬಿಟ್ಟುಹೋದ ಕುರ್ಚಿಗೆ ಎಂಟು ಬಾರಿ ನೇಮಕ ನಡೆದಿತ್ತು. ಆಲ್ಬೆರ್ ಲೆಬ್ರಾನ್ ಅದರಲ್ಲಿ ಕೂತದ್ದು ಹತ್ತು ದಿನವೂ ಇಲ್ಲ. ದೆಲ್ಕಾಸೆ ಕೂತದ್ದು ಒಂದು ವಾರವೂ ಇಲ್ಲ.

ಫ್ರಾನ್ಸಿನ ಇತಿಹಾಸ ಓದುವವರಿಗೆ ಈ ಪಟ್ಟಿ ನಗು ತರಿಸುತ್ತದೆ. ಗ್ವಾರಾನರಿಗೆ ಕೇಳಿದ ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಸೈನ್ಯಕ್ಕೆ ಸಂಬಳ, ಬಟ್ಟೆ, ಬಂದೂಕು, ಬ್ರೆಡ್ಡು ಒದಗಿಸುವವನು ಮಂತ್ರಿ. ರಣರಂಗದಲ್ಲಿ ಅದನ್ನು ನಡೆಸುವವನು ಜನರಲ್. ಇವರಲ್ಲಿ ಯಾರ ಮಾತು ಯಾರು ಕೇಳಬೇಕು? ಆ ದೇಶ ಇದಕ್ಕೆ ಉತ್ತರ ಹುಡುಕಲು ಹೊರಟು ಆಗಲೇ ಎರಡೂವರೆ ಶತಮಾನ ಕಳೆದಿತ್ತು.

ಹುಡುಕಾಟ ಶುರು ಮಾಡಿದವರು ಒಂದು ವಕೀಲಿ ಮನೆತನದ ಅಪ್ಪ, ಮಗ. ಅಪ್ಪ ಮಿಶೆಲ್ ಲ ತೆಲ್ಯೆ 1643ರಲ್ಲಿ ಯುದ್ಧ ಖಾತೆಯ ಕಾರ್ಯದರ್ಶಿಯಾದ. ಆಗ ಫ್ರಾನ್ಸಿನ ಸೈನ್ಯ ಹೆಸರಿಗೆ ದೊರೆಯದು; ನಿಜಕ್ಕೆ ರೆಜಿಮೆಂಟುಗಳನ್ನೂ ಕಂಪನಿಗಳನ್ನೂ ಹಣ ಕೊಟ್ಟು ಕೊಂಡ ಶ್ರೀಮಂತ ಕುಲೀನರದು. ತಲೆಯೆಣಿಕೆಯ ದಿನ ಬೀದಿಯಲ್ಲಿ ಸಿಕ್ಕವರಿಗೆ ಸಮವಸ್ತ್ರ ತೊಡಿಸಿ ಸಾಲಿನಲ್ಲಿ ನಿಲ್ಲಿಸುವುದು, ಅವರ ಹೆಸರಿನ ಸಂಬಳವನ್ನು ಕ್ಯಾಪ್ಟನ್ ಜೇಬಿಗಿಳಿಸುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಇದಕ್ಕೆ ಮೂಗುದಾರ ಹಾಕಿದವನು ಮಗ, ಲುವ್ವಾದ ಮಾರ್ಕ್ವಿಸ್. ಅಪ್ಪನ ಕೈಕೆಳಗೆ ಪಳಗಿ, ಹದಿನಾಲ್ಕನೆಯ ಲೂಯಿಯ ಬಲಗೈಯಾದ ಆತ ಒಂದು ದಿನವೂ ದಂಡಿನಲ್ಲಿ ಅಧಿಕಾರಿಯಾಗಿ ದುಡಿದವನಲ್ಲ. ಆತನ ಆಯುಧ ಕಾಗದ. ಪ್ರತಿ ಗಡಿಕೋಟೆಗೂ ಪತ್ರ, ಪ್ರತಿ ಪತ್ರಕ್ಕೂ ಉತ್ತರ, ಉತ್ತರ ಬಾರದಿದ್ದರೆ ತನಿಖಾಧಿಕಾರಿ. ಗಡಿಯುದ್ದಕ್ಕೂ ಉಗ್ರಾಣಗಳನ್ನು ಕಟ್ಟಿಸಿ ಕಾಳು, ಹುಲ್ಲು, ಮದ್ದು ತುಂಬಿಸಿದ. ಹಾಗಾಗಿ ಹುಲ್ಲು ಚಿಗುರುವ ಮೊದಲೇ, ವೈರಿ ಇನ್ನೂ ಚಳಿಗಾಲದ ಬಿಡಾರದಲ್ಲಿರುವಾಗಲೇ, ಫ್ರೆಂಚರು ದಂಡೆತ್ತಿ ಹೋಗಬಲ್ಲವರಾದರು. ಗಾಯಾಳುಗಳಿಗೂ ಮುದಿ ಸೈನಿಕರಿಗೂ 1670ರಲ್ಲಿ ಆಜ್ಞೆಯಾಗಿ ಎದ್ದ ಅನ್ವಲೀದ್ ಭವನದ ಕಟ್ಟಡ ಇವತ್ತಿಗೂ ಪ್ಯಾರಿಸ್ಸಿನಲ್ಲಿ ನಿಂತಿದೆ. ಲುವ್ವಾನ ಕೊನೆಗಾಲಕ್ಕೆ ಸೈನ್ಯ ಕಾಗದದ ಮೇಲಾದರೂ 4 ಲಕ್ಷದ ಹತ್ತಿರ ಬಂದಿತ್ತು. ಯೂರೋಪು ಅಂಥದ್ದನ್ನು ರೋಮನ್ನರ ಕಾಲದ ನಂತರ ಕಂಡಿರಲಿಲ್ಲ.

ಇಂಥವನನ್ನು ಸೇನಾನಿಗಳು ಪ್ರೀತಿಸುವುದುಂಟೆ? ಆ ಕಾಲದ ಅತಿ ದೊಡ್ಡ ದಂಡನಾಯಕ ತ್ಯುರೆನ್. ಅವನಿಗೂ ಲುವ್ವಾನಿಗೂ ಕಡೆಯವರೆಗೂ ಹೊಂದಲಿಲ್ಲ. 1674ರ ಶರತ್ಕಾಲದಲ್ಲಿ ಅಲ್ಸೇಸ್ ಬಿಟ್ಟು ಹಿಂದಕ್ಕೆ ಸರಿಯಬೇಕೆಂಬ ಸೂಚನೆ ಮಂತ್ರಿಯ ಕಚೇರಿಯಿಂದ ಬಂದಾಗ ತ್ಯುರೆನ್ ನೇರ ದೊರೆಗೇ ಬರೆದು ಅಲ್ಲೇ ಉಳಿದ. ಹಿಮ ಬಿದ್ದ ಬೆಟ್ಟಗಳ ಮರೆಯಲ್ಲಿ ಸೇನೆಯನ್ನು ಸುತ್ತಿಸಿ ತಂದು, ಜನವರಿಯಲ್ಲಿ ತುರ್ಕೈಮ್‌ನಲ್ಲಿ ಗೆದ್ದೂ ತೋರಿಸಿದ. ಆದರೆ ಅದೇ ವರ್ಷ ಜುಲೈಯಲ್ಲಿ ಫಿರಂಗಿ ಗುಂಡಿಗೆ ಬಲಿಯಾದ. ಲುವ್ವಾನ ದಾರಿ ಸಲೀಸಾಯಿತು. ಸೇನಾಪತಿಗಳಲ್ಲಿ ಯಾರ ಮೇಲೆ ಯಾರು ಎಂಬುದನ್ನು ಹುಟ್ಟಾಗಲಿ ಹೆಸರಾಗಲಿ ತೀರ್ಮಾನಿಸದೆ ನೇಮಕದ ತಾರೀಖು ತೀರ್ಮಾನಿಸಬೇಕೆಂಬ ಸೇವಾಜ್ಯೇಷ್ಠತೆಯ ಪಟ್ಟಿ ಹೊರಟದ್ದು ಅದೇ 1675ರಲ್ಲಿ. ಕುಲೀನನಿಗೂ ಇನ್ನು ಸರದಿ ಸಾಲು. ಪಟ್ಟಿ ಇರುವುದು ಮಂತ್ರಿಯ ಮೇಜಿನಲ್ಲಿ.

ಕಚೇರಿಯಿಂದ ಯುದ್ಧ ನಡೆಸುವ ಹುಮ್ಮಸ್ಸಿಗೆ ಇನ್ನೊಂದು ಮುಖವೂ ಇತ್ತು. 1689ರಲ್ಲಿ ರೈನ್ ದಂಡೆಯ ಪಲಾಟಿನೇಟ್ ಸೀಮೆಯನ್ನು ವೈರಿಗೆ ದಕ್ಕದಂತೆ ಸುಡುವ ಆಜ್ಞೆಗಳು ಲುವ್ವಾನ ಮೇಜಿನಿಂದಲೇ ಹೋದವು. ಮನ್ಹೈಮ್, ಸ್ಪೈಯರ್, ವರ್ಮ್ಸ್ ಬೂದಿಯಾದವು. ಹೈಡೆಲ್ಬರ್ಗಿನ ಕೋಟೆ ಒಡೆದು ಬಿತ್ತು. ಅಲ್ಲಿದ್ದ ಕೆಲವು ಫ್ರೆಂಚ್ ಅಧಿಕಾರಿಗಳಿಗೇ ಅದನ್ನು ಮಾಡಲು ಮನಸ್ಸು ಬಂದಿರಲಿಲ್ಲ. ಊರು ಉರಿಯುವುದನ್ನು ಕಣ್ಣಾರೆ ನೋಡಬೇಕಾದವರು ಅವರು. ಮಂತ್ರಿಗೆ ಅದು ವರದಿಯ ಒಂದು ಸಾಲು.

ಮೈಸೂರಿಗೂ ಈ ಕಚೇರಿಗಳ ಜಗತ್ತಿಗೂ ಒಮ್ಮೆ ಮುಖಾಮುಖಿಯಾಗಿದೆ. ಇಂಗ್ಲಿಷರ ವಿರುದ್ಧ ಫ್ರೆಂಚ್ ಪಡೆ ಬೇಕೆಂದು ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು, ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮ್ಮದ್ ಉಸ್ಮಾನ್ ಖಾನ್, 1788ರ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಆಗ ಯುದ್ಧಮಂತ್ರಿ ಬ್ರಿಯೆನ್ನಿನ ಕೌಂಟ್. ಆದರೆ ಕಡಲಾಚೆಯ ಸಂಗತಿಯೆಲ್ಲ ನೌಕಾಮಂತ್ರಿಯ ಪಾಲು. ಶ್ರೀರಂಗಪಟ್ಟಣದ ಕಡತ ಯುದ್ಧಮಂತ್ರಿಯ ಮೇಜಿಗೆ ಬರುವಂಥದ್ದೇ ಅಲ್ಲ. ಯಾರ ಮೇಜಿಗೆ ಬಂದಿದ್ದರೂ ಫಲ ಅಷ್ಟೇ ಇರುತ್ತಿತ್ತು. ಬೊಕ್ಕಸ ಬರಿದಾಗಿ, ಆ ಭೇಟಿಯಾದ ಆರನೆಯ ದಿನಕ್ಕೆ ಫ್ರಾನ್ಸ್ ಸರ್ಕಾರ ತನ್ನ ಪಾವತಿಗಳನ್ನೇ ತಡೆಹಿಡಿಯಿತು. ಟಿಪ್ಪುವಿಗೆ ದಂಡು ಬರಲಿಲ್ಲ. ಕುಶಲಕರ್ಮಿಗಳು ಬಂದರು, ಪಿಂಗಾಣಿಯ ಉಡುಗೊರೆಗಳು ಬಂದವು. ಬ್ರಿಯೆನ್ನಿನ ಕೌಂಟ್ 1794ರಲ್ಲಿ ಗಿಲೊಟಿನ್ನಿಗೆ ತಲೆಯೊಡ್ಡಿದ. ಪ್ಯಾರಿಸ್ಸಿನ ಸೇಂಟ್ ಡೊಮಿನಿಕ್ ಬೀದಿಯಲ್ಲಿದ್ದ ಅವನ ಮಹಲು ಮುಂದೆ ನೆಪೋಲಿಯನ್ನನ ತಾಯಿಯ ಮನೆಯಾಗಿ, 1817ರಲ್ಲಿ ಸರ್ಕಾರದ ಕೈಗೆ ಬಂದು ಯುದ್ಧಮಂತ್ರಿಗಳ ಬಿಡಾರವಾಯಿತು. ಬ್ರಿಯೆನ್ ಭವನ ಎಂಬ ಹೆಸರೇ ಇವತ್ತಿಗೂ ಉಳಿದಿದೆ.

ಕ್ರಾಂತಿಯ ವರ್ಷಗಳಲ್ಲಿ ಮಂತ್ರಿಪದವಿ ಜೀವಕ್ಕೇ ಕುತ್ತು. 1793ರ ಏಪ್ರಿಲ್ ಮೊದಲಿಗೆ ಯುದ್ಧಮಂತ್ರಿ ಬ್ಯೋರ್ನೊವಿಲ್, ಸಂಸತ್ತಿನ ನಾಲ್ವರು ಪ್ರತಿನಿಧಿಗಳ ಜೊತೆ ಜನರಲ್ ದ್ಯುಮುರಿಯೆಯ ಶಿಬಿರಕ್ಕೆ ಹೋದ. ಸೋತು ಸರ್ಕಾರದ ಮೇಲೇ ಮುನಿದಿದ್ದ ಆ ಜನರಲ್‌ನನ್ನು ಅಧಿಕಾರದಿಂದ ಇಳಿಸಿ ಕರೆತರುವುದು ಅವರಿಗೆ ವಹಿಸಿದ್ದ ಕೆಲಸ. ದ್ಯುಮುರಿಯೆ ತಾನೇ ಅವರೆಲ್ಲರನ್ನೂ ಹಿಡಿದು ಆಸ್ಟ್ರಿಯನ್ನರಿಗೆ ಒಪ್ಪಿಸಿಬಿಟ್ಟ, ಆಮೇಲೆ ತಾನೂ ಅವರ ಕಡೆಗೇ ಓಡಿದ. ಹಿಂದಿನ ವರ್ಷ ಕೆಲವು ದಿನ ಅವನೂ ಯುದ್ಧಮಂತ್ರಿಯಾಗಿದ್ದವನೇ! ಬ್ಯೋರ್ನೊವಿಲ್ ಬಿಡುಗಡೆಯಾದದ್ದು 1795ರ ಕೊನೆಯಲ್ಲಿ, ಸತ್ತ ದೊರೆಯ ಮಗಳಿಗೆ ಬದಲಾಗಿ ಆಸ್ಟ್ರಿಯದವರು ಬಿಟ್ಟುಕೊಟ್ಟ ಕೈದಿಗಳಲ್ಲಿ ಒಬ್ಬನಾಗಿ. ಅಷ್ಟರಲ್ಲಿ ಇಲ್ಲಿ ಮಂತ್ರಿಗಳ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಎಂಜಿನಿಯರ್ ಕ್ಯಾಪ್ಟನ್ ಕಾರ್ನೊ, ಸಾರ್ವಜನಿಕ ಸುರಕ್ಷತಾ ಸಮಿತಿಯಲ್ಲಿ ಕೂತು, ಏಳು ಲಕ್ಷ ದಾಟಿದ ಸೈನ್ಯವನ್ನು ನಡೆಸುತ್ತಿದ್ದ. ಸೇನಾನಿಗಳ ಬೆನ್ನಿಗೆ ಸಮಿತಿಯ ಕಣ್ಣು, ಸೋತವರಿಗೆ ಗಿಲೊಟಿನ್. ಇನ್ನು ನೆಪೋಲಿಯನ್ನನ ಕಾಲದಲ್ಲಿ ಈ ಪ್ರಶ್ನೆ ಏಳಲೇ ಇಲ್ಲ. ಕತ್ತಿ, ಕಡತ ಎರಡೂ ಒಬ್ಬನ ಕೈಯಲ್ಲಿ. ಬೆರ್ತಿಯೆ, ಕ್ಲಾರ್ಕರಂಥ ಮಂತ್ರಿಗಳು ಆ ಕೈಯ ಬೆರಳುಗಳು.

ಆಮೇಲಿನ ಅರ್ಧ ಶತಮಾನವನ್ನು ಬೇಗ ದಾಟಬಹುದು. ಮಾರ್ಷಲ್‌ಗಳೇ ಮಂತ್ರಿಗಳಾಗುವ ಕಾಲ ಅದು. ವಾಟರ್ಲೂನಲ್ಲಿ ನೆಪೋಲಿಯನ್ನನ ಸೇನಾ ಸಿಬ್ಬಂದಿಯ ಮುಖ್ಯಸ್ಥನಾಗಿದ್ದ ಸೂಲ್ಟ್, ಲೂಯಿ ಫಿಲಿಪ್ ದೊರೆಯ ಯುದ್ಧಮಂತ್ರಿಯಾಗಿ 1831ರಲ್ಲಿ ವಿದೇಶೀಯರ ಲೀಜನ್ ಕಟ್ಟಿದ. 1851ರ ಡಿಸೆಂಬರ್ 2ರ ಕ್ಷಿಪ್ರಕ್ರಾಂತಿಗೆಂದೇ ಲೂಯಿ ನೆಪೋಲಿಯನ್ ಆರಿಸಿ ತಂದ ಮಂತ್ರಿ ಸೇಂಟ್ ಅರ್ನೊ. ಸಂಸತ್ತನ್ನು ಕಾಯಬೇಕಾದ ಸೈನ್ಯ ಅಂದು ಸಂಸತ್ ಸದಸ್ಯರನ್ನು ಹಾಸಿಗೆಯಿಂದೆಬ್ಬಿಸಿ ಬಂಧಿಸಿತು. 1870ರಲ್ಲಿ ಮಾರ್ಷಲ್ ಲ ಬೊಫ್ ಸೈನ್ಯ ಸಜ್ಜಾಗಿದೆ, ಒಬ್ಬ ಸಿಪಾಯಿಯ ಕಾಲುಪಟ್ಟಿಯ ಗುಂಡಿಗೂ ಕೊರತೆಯಿಲ್ಲ ಎಂದನಂತೆ. ಯುದ್ಧ ಘೋಷಣೆಯಾದ ಎರಡೇ ದಿನಕ್ಕೆ ಬೆಲ್ಫೋರ್ ತಲುಪಿದ ಬ್ರಿಗೇಡಿನ ಜನರಲ್ ಒಬ್ಬ, ನನ್ನ ಬ್ರಿಗೇಡು ಕಾಣುತ್ತಿಲ್ಲ, ಮೇಲಧಿಕಾರಿಯೂ ಕಾಣುತ್ತಿಲ್ಲ, ಮುಂದೇನು ಮಾಡಲಿ ಎಂದು ಪ್ಯಾರಿಸ್ಸಿಗೆ ತಂತಿ ಹೊಡೆದ. ಅಧಿಕಾರಿಗಳಿಗೆ ಹಂಚಿದ್ದು ಜರ್ಮನಿಯ ನಕ್ಷೆಗಳು. ಕಾದಾಟ ನಡೆದದ್ದು ಫ್ರಾನ್ಸಿನ ನೆಲದಲ್ಲಿ. ಸೆಪ್ಟೆಂಬರ್ 2ರಂದು ಸೆಡಾನ್‌ನಲ್ಲಿ ಚಕ್ರವರ್ತಿಯೇ ಸೆರೆಸಿಕ್ಕ.

ಈ ಸೋಲಿನ ನಂತರ ಬಂದ ಮೂರನೆಯ ಗಣರಾಜ್ಯಕ್ಕೆ ಜನರಲ್‌ಗಳೆಂದರೆ ಒಳಗೊಳಗೇ ದಿಗಿಲು. ಜರ್ಮನಿಯನ್ನು ಎದುರಿಸಲು ಅವರು ಬೇಕು. ಆದರೆ ಅವರಲ್ಲಿ ಯಾರು ಇನ್ನೊಬ್ಬ ನೆಪೋಲಿಯನ್ ಆಗುತ್ತಾನೋ ಹೇಳಬರುವಂತಿಲ್ಲ. ಎಡಪಂಥದ ಮುಂದಾಳು ಜಾರ್ಜ್ ಕ್ಲೆಮಾನ್ಸೊಗೆ ಇದಕ್ಕೊಂದು ಪರಿಹಾರ ಹೊಳೆಯಿತು: ಗಣರಾಜ್ಯವನ್ನು ನಂಬುವ ಜನರಲ್ ಒಬ್ಬನನ್ನೇ ಮಂತ್ರಿ ಮಾಡಿದರಾಯಿತು. ಹಾಗೆ 1886ರ ಜನವರಿಯಲ್ಲಿ ಜಾರ್ಜ್ ಬುಲಾಂಜೆ ಬಂದ.

ಬುಲಾಂಜೆ ಕೆಲಸಗಾರನೇ. ಹೊಗೆಯಿಲ್ಲದ ಮದ್ದಿನ ಲೆಬೆಲ್ ಬಂದೂಕು ಸೇನೆಗೆ ಬಂದದ್ದು ಅವನ ಅವಧಿಯಲ್ಲಿ. ಸಿಪಾಯಿಗಳಿಗೆ ಊಟ ಸುಧಾರಿಸಿದ, ಗಡ್ಡ ಬಿಡಲು ಅನುಮತಿ ಕೊಟ್ಟ, ಕಾವಲು ಗೂಡುಗಳಿಗೆ ಮೂರು ಬಣ್ಣ ಬಳಿಸಿದ. ಗಣಿ ಕಾರ್ಮಿಕರ ಮುಷ್ಕರಕ್ಕೆ ಪಡೆ ಕಳಿಸಿದ್ದೇಕೆ ಎಂದು ಸಂಸತ್ತಿನಲ್ಲಿ ಕೇಳಿದಾಗ, ಈ ಹೊತ್ತಿನಲ್ಲಿ ಬಹುಶಃ ಸಿಪಾಯಿ ತನ್ನ ಊಟವನ್ನು ಕಾರ್ಮಿಕನ ಜೊತೆ ಹಂಚಿಕೊಳ್ಳುತ್ತಿರಬೇಕು ಎಂಬರ್ಥದ ಉತ್ತರ ಕೊಟ್ಟು ಎಡಪಂಥದ ಚಪ್ಪಾಳೆ ಗಿಟ್ಟಿಸಿದ. ಆದರೆ ಜನರ ತಲೆ ತಿರುಗಿಸಿದ್ದು ಅವನ ಕುದುರೆ. ಆ ವರ್ಷದ ಜುಲೈ 14ರ ಸೇನಾ ಪ್ರದರ್ಶನದಲ್ಲಿ ಕರಿಯ ಕುದುರೆಯೇರಿ ಬಂದವನನ್ನು ಪ್ಯಾರಿಸ್ ಕಣ್ತುಂಬಿಕೊಂಡಿತು. ಹಾಡು ಹುಟ್ಟಿತು, ಗೊಂಬೆ, ಪೋಸ್ಟರು, ಚಿತ್ರಪಟ ಬಂದವು. ಮರುವರ್ಷ ಗಡಿಯಲ್ಲಿ ಷ್ನೆಬೆಲೆ ಎಂಬ ಫ್ರೆಂಚ್ ಅಧಿಕಾರಿಯನ್ನು ಜರ್ಮನ್ನರು ಬಂಧಿಸಿದಾಗ ಮಂತ್ರಿ ಯುದ್ಧದ ಮಾತಾಡತೊಡಗಿದ. ಗಾಬರಿಯಾದ ಸಹೋದ್ಯೋಗಿಗಳು ಹೊಸ ಸಂಪುಟದಲ್ಲಿ ಅವನನ್ನು ಕೈಬಿಟ್ಟು ಕ್ಲೆರ್ಮೋನ್-ಫೆರ್ರಾನ್‌ಗೆ ವರ್ಗ ಮಾಡಿದರು. ಹೊರಡುವ ದಿನ ಜನ ರೈಲಿನ ಹಳಿಗೇ ಅಡ್ಡಬಂದರು. 1889ರ ಜನವರಿ 27ರಂದು ಪ್ಯಾರಿಸ್ಸಿನಲ್ಲೇ ಚುನಾವಣೆಗೆ ನಿಂತು 2.4 ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದ. ಅರಮನೆಗೆ ನುಗ್ಗೋಣವೆಂದು ಆ ರಾತ್ರಿ ಬೆಂಬಲಿಗರು ಒತ್ತಾಯಿಸಿದರೆ, ಬುಲಾಂಜೆ ಒಪ್ಪಲಿಲ್ಲ. ಏಪ್ರಿಲ್ ಹೊತ್ತಿಗೆ ಬಂಧನದ ಭಯಕ್ಕೆ ಬ್ರಸೆಲ್ಸಿಗೆ ಓಡಿದ್ದ. ಎರಡು ವರ್ಷ ಕಳೆದು, ಅಲ್ಲಿನ ಸ್ಮಶಾನದಲ್ಲಿ ಪ್ರೇಯಸಿಯ ಸಮಾಧಿಯ ಮುಂದೆ ಗುಂಡು ಹಾರಿಸಿಕೊಂಡು ಸತ್ತ.

ಬುಲಾಂಜೆಯಿಂದ ಗಣರಾಜ್ಯ ಕಲಿತ ಪಾಠ ಸರಳ: ಆ ಕುರ್ಚಿಗೆ ಸಮವಸ್ತ್ರ ಬೇಡ. 1888ರಲ್ಲೇ ಎಂಜಿನಿಯರ್ ಫ್ರೇಸಿನೆ ಆ ಗಣರಾಜ್ಯದ ಮೊದಲ ನಾಗರಿಕ ಯುದ್ಧಮಂತ್ರಿಯಾಗಿ ಬಂದು ಐದು ವರ್ಷದ ಹತ್ತಿರ ಗಟ್ಟಿ ಕೆಲಸ ಮಾಡಿದರು. ಕಲಿತ ಪಾಠ ಮಾತ್ರ ನಿಲ್ಲಲಿಲ್ಲ. ಮತ್ತೆ ಜನರಲ್‌ಗಳೇ ಬಂದರು. ಅವರಲ್ಲೊಬ್ಬ ಮೆರ್ಸಿಯೆ. 1894ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ಮೇಲಿನ ಬೇಹುಗಾರಿಕೆಯ ವಿಚಾರಣೆಯಲ್ಲಿ, ಆರೋಪಿಗೂ ಅವನ ವಕೀಲನಿಗೂ ಕಾಣಿಸದಂತೆ ಒಂದು ಗುಪ್ತ ಕಡತವನ್ನು ನ್ಯಾಯಾಧೀಶರ ಕೈಗೆ ದಾಟಿಸಿದವನು ಇವನೇ. ಡ್ರೇಫಸ್ ಯಹೂದಿ, ನಿರಪರಾಧಿ. ಒಬ್ಬ ಮಂತ್ರಿ ಮಾಡಿದ ಈ ಕಳ್ಳಕೆಲಸವನ್ನು ಮುಚ್ಚಿಡುವ ಹೊಣೆ ಅವನ ನಂತರದವರ ಹೆಗಲಿಗೇರಿತು. ನಿಜವಾದ ಅಪರಾಧಿ ಎಸ್ತೆರ್ಹಾಜಿ ಎಂದು ಕಂಡುಹಿಡಿದ ಕರ್ನಲ್ ಪಿಕಾರ್‌ನನ್ನು ಟ್ಯುನೀಸಿಯಾಕ್ಕೆ ದೂಡಿದರು. ಎಮಿಲ್ ಝೋಲಾ ಅಧ್ಯಕ್ಷರಿಗೆ ಬರೆದ ಬಹಿರಂಗ ಪತ್ರವನ್ನು 1898ರ ಜನವರಿ 13ರಂದು ಅಚ್ಚು ಹಾಕಿದ್ದು ಕ್ಲೆಮಾನ್ಸೊ ಬರೆಯುತ್ತಿದ್ದ ಲೊರೋರ್ ಪತ್ರಿಕೆ. ಹನ್ನೆರಡು ವರ್ಷದ ಹಿಂದೆ ಜನರಲ್ ಒಬ್ಬನನ್ನು ನಂಬಿ ಕೈಸುಟ್ಟುಕೊಂಡವರು ಈಗ ಇಡೀ ಸೇನಾ ಕಚೇರಿಯನ್ನೇ ಎದುರು ಹಾಕಿಕೊಂಡರು.

ಆ ವರ್ಷದ ಬೇಸಗೆಯಲ್ಲಿ ನಾಗರಿಕ ಮಂತ್ರಿ ಗೊಡೆಫ್ರಾ ಕವೆನ್ಯಾಕ್ ಬಂದ. ಇವನ ಅಪ್ಪ ಜನರಲ್ ಕವೆನ್ಯಾಕ್ 1848ರಲ್ಲಿ ಯುದ್ಧಮಂತ್ರಿಯಾಗಿದ್ದವನು, ಪ್ಯಾರಿಸ್ಸಿನ ಕಾರ್ಮಿಕರ ದಂಗೆಯನ್ನು ಅಡಗಿಸಿದವನು. ಮಗ ಪ್ರಾಮಾಣಿಕ, ಹಠಮಾರಿ. ವಿವಾದವನ್ನು ಒಂದೇ ಏಟಿಗೆ ಮುಗಿಸುತ್ತೇನೆಂದು ಜುಲೈ 7ರಂದು ಸಂಸತ್ತಿನಲ್ಲಿ ಡ್ರೇಫಸ್ ವಿರುದ್ಧದ ಸಾಕ್ಷ್ಯಗಳನ್ನು ಗಟ್ಟಿಯಾಗಿ ಓದಿದ. ಭಾಷಣವನ್ನು ಮುದ್ರಿಸಿ ದೇಶದ ಊರೂರಿಗೂ ಅಂಟಿಸಲು ಸಂಸತ್ತು ಆಜ್ಞೆ ಮಾಡಿತು. ಆಗಸ್ಟ್ 13ರ ರಾತ್ರಿ ಅವನದೇ ಕಚೇರಿಯ ಕ್ಯಾಪ್ಟನ್ ಕ್ವಿಞೆ ದೀಪದ ಬೆಳಕಿಗೆ ಅದರಲ್ಲೊಂದು ಪತ್ರವನ್ನು ಹಿಡಿದು ನೋಡಿದಾಗ, ಹಾಳೆಯ ಮೇಲ್ಭಾಗದ ಗೆರೆಗಳದೊಂದು ಬಣ್ಣ, ನಡುಭಾಗದ ಗೆರೆಗಳದು ಇನ್ನೊಂದು ಬಣ್ಣ! ಎರಡು ಬೇರೆ ಪತ್ರಗಳನ್ನು ಕತ್ತರಿಸಿ ಅಂಟಿಸಿದ ಖೋಟಾ ಅದು. ಕವೆನ್ಯಾಕ್ ಅದನ್ನು ಮುಚ್ಚಿಡಲಿಲ್ಲ, ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಆಗಸ್ಟ್ 30ರಂದು, ಅದನ್ನು ಸೃಷ್ಟಿಸಿದ್ದ ಕರ್ನಲ್ ಆನ್ರಿಯನ್ನು ಎದುರು ನಿಲ್ಲಿಸಿ ತಾನೇ ವಿಚಾರಿಸಿ ತಪ್ಪೊಪ್ಪಿಸಿದ. ಮರುದಿನ ಆನ್ರಿ ಸೆರೆಕೋಣೆಯಲ್ಲಿ ಕತ್ತು ಕೊಯ್ದುಕೊಂಡು ಸತ್ತ. ಮಂತ್ರಿ ರಾಜೀನಾಮೆ ಕೊಟ್ಟ. ಆದರೂ ಡ್ರೇಫಸ್ ಅಪರಾಧಿಯೇ ಎಂಬ ನಂಬಿಕೆಯನ್ನು ಬಿಡಲಿಲ್ಲ. ಮುಂದಿನ ಜನರಲ್ ಝುರ್ಲಿಂಡನ್ ಎರಡು ವಾರ ಮುಗಿಯುವುದರೊಳಗೆ ಹೊರನಡೆದ. ಅವನ ನಂತರದ ಜನರಲ್ ಶನ್ವಾನ್ ಅಕ್ಟೋಬರ್ 25ರಂದು ಪ್ರಧಾನಿಗೂ ಹೇಳದೆ ಸಂಸತ್ತಿನ ವೇದಿಕೆಯಲ್ಲಿ ನಿಂತೇ ರಾಜೀನಾಮೆ ಘೋಷಿಸಿ ಸರ್ಕಾರವನ್ನು ಬೀಳಿಸಿದ.

ಇದಕ್ಕೆ ಪ್ರತಿಯಾಗಿ ಗಣರಾಜ್ಯ ಮಾಡಿದ್ದೂ ಹೆಮ್ಮೆಪಡುವಂಥದ್ದಲ್ಲ. 1900ರಲ್ಲಿ ಮಂತ್ರಿಯಾದ ಜನರಲ್ ಆಂದ್ರೆ, ಸೇನೆಯಲ್ಲಿ ರಾಜಪಕ್ಷದವರನ್ನೂ ಚರ್ಚಿನ ಪಕ್ಷದವರನ್ನೂ ತಡೆದು ಗಣರಾಜ್ಯವಾದಿಗಳಿಗೆ ಬಡ್ತಿ ಕೊಡಬೇಕೆಂದು ಹೊರಟ. ಯಾರು ಯಾವ ಪಕ್ಷ ಎಂದು ತಿಳಿಯುವುದು ಹೇಗೆ? ಫ್ರೀಮೇಸನ್ ಸಂಘದ ಶಾಖೆಗಳು ಊರೂರಿನಿಂದ ಅಧಿಕಾರಿಗಳ ಬಗ್ಗೆ ಚೀಟಿ ಬರೆದು ಕಳಿಸಿದವು. ಹೆಂಡತಿ ಚರ್ಚಿಗೆ ಹೋಗುತ್ತಾಳೆಯೇ, ಮಕ್ಕಳು ಪಾದ್ರಿಗಳ ಶಾಲೆಯಲ್ಲಿದ್ದಾರೆಯೇ, ಇಂಥವೇ ವಿವರ. ಮುಂದೆ ಬರಬೇಕಾದವರ ಹೆಸರು ‘ಕೊರಿಂತ್’ ಎಂಬ ಪಟ್ಟಿಯಲ್ಲಿ, ಬರಬಾರದವರದು ‘ಕಾರ್ತೇಜ್’ ಎಂಬುದರಲ್ಲಿ. ಸಂಘದ ಕಚೇರಿಯ ಬಿದೆಗೇನ್ ಎಂಬಾತ ಹಣ ಪಡೆದು ಚೀಟಿಗಳನ್ನು ವಿರೋಧಪಕ್ಷಕ್ಕೆ ಮಾರಿದ. 1904ರ ಅಕ್ಟೋಬರ್ 28ರಂದು ಅವು ಸಂಸತ್ತಿನಲ್ಲಿ ಬಯಲಾದವು. ಒಂದು ವಾರದ ನಂತರ ಸದಸ್ಯ ಸಿವೆತೊನ್ ಸಭೆಯಲ್ಲೇ ಮಂತ್ರಿಯ ಕೆನ್ನೆಗೆ ಬಾರಿಸಿದ. ಆಂದ್ರೆ ಹೋದ, ಅವನ ಜಾಗಕ್ಕೆ ಮೊದಲ ಬಾರಿ ಬಂದವರು ಷೇರು ದಲ್ಲಾಳಿ ಬೆರ್ತೋ.

ಅಣ್ಣತಮ್ಮಂದಿರಲ್ಲಿ ಒಬ್ಬ ಜೆಸುಯಿಟ್ ಪಾದ್ರಿಯಾಗಿದ್ದ ಕಾರಣಕ್ಕೆ ಅನುಮಾನಕ್ಕೊಳಗಾಗಿದ್ದ ಅಧಿಕಾರಿ ಫರ್ಡಿನಾಂಡ್ ಫೋಶ್. 1908ರಲ್ಲಿ ಅವರನ್ನು ಉನ್ನತ ಸೇನಾ ಶಾಲೆಯ ಮುಖ್ಯಸ್ಥರನ್ನಾಗಿ ನೇಮಿಸಿದ್ದು ಪಾದ್ರಿಗಳ ಕಡುವಿರೋಧಿಯಾಗಿದ್ದ ಪ್ರಧಾನಿ ಕ್ಲೆಮಾನ್ಸೊ. ಅವರ ಸಂಪುಟದ ಯುದ್ಧಮಂತ್ರಿ ಯಾರು? ಟ್ಯುನೀಸಿಯಾಕ್ಕೆ ತಳ್ಳಲ್ಪಟ್ಟಿದ್ದ, ಜೈಲನ್ನೂ ಕಂಡಿದ್ದ ಅದೇ ಪಿಕಾರ್, ಈಗ ಜನರಲ್ ಆಗಿ.

ಇನ್ನು ಗ್ವಾರಾನ್ ಬಿದ್ದ 1911ರ ಜೂನಿಗೆ ಬರೋಣ. ಅವರ ಜಾಗಕ್ಕೆ ಬಂದ ಮೆಸ್ಸಿಮಿ ಮಾಜಿ ಕ್ಯಾಪ್ಟನ್, ಚುರುಕಿನ ಮನುಷ್ಯ. ಆವರೆಗೆ ಶಾಂತಿಕಾಲದಲ್ಲಿ ಯೋಜನೆ ಬರೆಯುವ ಸಿಬ್ಬಂದಿ ಮುಖ್ಯಸ್ಥ ಒಬ್ಬ, ಯುದ್ಧ ಬಂದರೆ ಸೇನೆ ನಡೆಸಬೇಕಾದವನು ಇನ್ನೊಬ್ಬ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಏರ್ಪಾಡನ್ನು ಮೆಸ್ಸಿಮಿ ಕಿತ್ತುಹಾಕಿ ಎರಡನ್ನೂ ಒಬ್ಬನಿಗೇ ಕೊಟ್ಟರು. ಜರ್ಮನ್ನರು ಬೆಲ್ಜಿಯಂ ಮೂಲಕವೇ ಬರುತ್ತಾರೆ, ಮೀಸಲು ಪಡೆಗಳನ್ನೂ ಮೊದಲ ಸಾಲಿಗೆ ತರಬೇಕು ಎನ್ನುತ್ತಿದ್ದ ಜನರಲ್ ಮಿಶೆಲ್‌ರನ್ನು ಅದಕ್ಕೆ ಮೊದಲೇ ಹುದ್ದೆಯಿಂದ ಇಳಿಸಿಯಾಗಿತ್ತು. ಮಿಶೆಲ್ ಹೇಳಿದ್ದು ಅಕ್ಷರಶಃ ನಿಜವಾಯಿತೆಂಬುದು ಬೇರೆ ಮಾತು. ಜನರಲ್ ಗಾಲಿಯೇನಿ ಒಲ್ಲೆನೆಂದರು. ಜನರಲ್ ಪೋ ತಮಗೆ ಬೇಕಾದವರ ನೇಮಕಕ್ಕೆ ಅಧಿಕಾರ ಕೇಳಿದರು. ಆಂದ್ರೆ ಹಗರಣದ ನೆನಪು ಹಸಿಯಾಗಿದ್ದಾಗ ಅದನ್ನು ಕೊಡುವ ಧೈರ್ಯ ಯಾವ ಸರ್ಕಾರಕ್ಕಿದೆ? ಕೊನೆಗೆ ಜುಲೈ 28ರಂದು ಜೋಸೆಫ್ ಜೋಫ್ರ್ ಬಂದರು. ಮಿತಭಾಷಿ, ಗಣರಾಜ್ಯಕ್ಕೆ ನಿಷ್ಠ, ಅಡಿಪಾಯದ ಕಲ್ಲಿನಷ್ಟು ನಿಶ್ಚಲ. ಮಂತ್ರಿಗಳು ಬಂದರು, ಹೋದರು, ಮತ್ತೆ ಬಂದರು. ಜೋಫ್ರ್ 1916ರ ಡಿಸೆಂಬರ್‌ವರೆಗೂ ಅಲುಗಲಿಲ್ಲ. ಎಂಟು ಬಾರಿ ಕುರ್ಚಿ ಬದಲಾದದ್ದರ ನಿಜವಾದ ಫಲ ಇದು: ಯಾರು ಮೇಲು ಎಂಬುದನ್ನು ಕಾನೂನು ತೀರ್ಮಾನಿಸಲಿಲ್ಲ, ಯಾರು ಹೆಚ್ಚು ದಿನ ಉಳಿದರು ಎಂಬುದು ತೀರ್ಮಾನಿಸಿತು.

ಮೆಸ್ಸಿಮಿಗೆ ಇತಿಹಾಸ ಸಲ್ಲಬೇಕಾದಷ್ಟು ಸಲ್ಲಿಸಿಲ್ಲ. ದೂರದಿಂದಲೇ ಕಣ್ಣಿಗೆ ಹೊಡೆಯುವ ಕೆಂಪು ಷರಾಯಿಯನ್ನು ಸೈನಿಕರಿಂದ ಬಿಡಿಸಲು ಅವರು ಮೊದಲ ಅವಧಿಯಲ್ಲೇ ಯತ್ನಿಸಿ ಸೋತರು. ಕೆಂಪು ಷರಾಯಿ ಎಂದರೆ ಫ್ರಾನ್ಸಿನ ಮಾನ ಎಂದು ವಾದಿಸಿದವರು ಗೆದ್ದರು, 1914ರ ಆಗಸ್ಟಿನಲ್ಲಿ ಅದನ್ನು ತೊಟ್ಟ ಹುಡುಗರು ಮೆಷಿನ್‌ಗನ್ನಿಗೆ ಎದೆಯೊಡ್ಡಿದರು. ಗಡಿಯಲ್ಲಿ ಸೇನೆ ಸೋತು ಹಿಂದೆ ಸರಿಯುತ್ತಿದ್ದಾಗ, ಆಗಸ್ಟ್ 25ರಂದು, ಪ್ಯಾರಿಸ್ ರಕ್ಷಣೆಗೆ ಕನಿಷ್ಠ ಮೂರು ಕೋರ್‌ಗಳ ಸೇನೆ ಕಳಿಸಬೇಕೆಂದು ಜೋಫ್ರ್‌ಗೆ ಲಿಖಿತ ಆಜ್ಞೆ ಕೊಟ್ಟವರು ಮೆಸ್ಸಿಮಿ. ರಾಜಧಾನಿಯ ಹೊಣೆಯನ್ನು ಮುದಿ ಗಾಲಿಯೇನಿಗೆ ವಹಿಸಿದವರೂ ಅವರೇ. ಮಾರ್ನ್ ಯುದ್ಧದಲ್ಲಿ ಜರ್ಮನ್ನರ ಪಕ್ಕೆಗೆ ತಿವಿದದ್ದು ಗಾಲಿಯೇನಿ ಹುರಿದುಂಬಿಸಿ ಕಳಿಸಿದ ಪ್ಯಾರಿಸ್ ಕಡೆಯ ಸೇನೆ. ಸೈನಿಕರನ್ನು ಸಾಗಿಸಿದ ಟ್ಯಾಕ್ಸಿಗಳ ಕಥೆಯಷ್ಟೇ ಜನರ ನೆನಪಿನಲ್ಲುಳಿಯಿತು. ಆ ಆಜ್ಞೆ ಕೊಟ್ಟ ಮರುದಿನವೇ ಸಂಪುಟ ಪುನರ್‌ರಚನೆಯಾಗಿ ಮೆಸ್ಸಿಮಿ ಹೊರಬಿದ್ದಿದ್ದರು. ಸುಮ್ಮನೆ ಕೂರದೆ ಸಮವಸ್ತ್ರ ತೊಟ್ಟು ರಣರಂಗಕ್ಕೆ ಹೋದರು, ಜನರಲ್ ಆಗಿ ಯುದ್ಧ ಮುಗಿಸಿದರು.

ಆಮೇಲೆ ಎರಡು ವರ್ಷ ಜೋಫ್ರ್ ಅವರದೇ ರಾಜ್ಯ. ಸೇನಾವಲಯದೊಳಗೆ ಮಂತ್ರಿಯೂ ಅವರ ಒಪ್ಪಿಗೆಯಿಲ್ಲದೆ ಸುಲಭವಾಗಿ ಕಾಲಿಡುವಂತಿರಲಿಲ್ಲ. 1915ರ ಕೊನೆಯಲ್ಲಿ ಗಾಲಿಯೇನಿಯೇ ಯುದ್ಧಮಂತ್ರಿಯಾದಾಗ ಒಂದು ಕೆಟ್ಟ ಸುದ್ದಿ ಬಂತು: ವೆರ್ಡನ್ ಕೋಟೆಗಳಿಂದ ಫಿರಂಗಿಗಳನ್ನು ಕಿತ್ತೊಯ್ದಿದ್ದಾರೆ, ಕಂದಕಗಳು ಅರ್ಧಂಬರ್ಧ. ಅದನ್ನು ಸಂಸತ್ತಿಗೆ ಮುಟ್ಟಿಸಿದವರು ಅಲ್ಲೇ ಕಾವಲಿದ್ದ ಸಂಸದ, ಕರ್ನಲ್ ದ್ರಿಯಾನ್, ಬುಲಾಂಜೆಯ ಅಳಿಯ. ಮಂತ್ರಿ ವಿವರಣೆ ಕೇಳಿ ಪತ್ರ ಬರೆದರೆ, ಕೈಕೆಳಗಿನವರು ನನ್ನನ್ನು ಬಿಟ್ಟು ಸರ್ಕಾರಕ್ಕೆ ದೂರು ಒಯ್ಯುವುದನ್ನು ಸಹಿಸಲಾರೆ ಎಂದು ಜೋಫ್ರ್ ಸಿಡುಕಿದರು. 1916ರ ಫೆಬ್ರವರಿ 21ರಂದು ಜರ್ಮನ್ನರು ವೆರ್ಡನ್ ಮೇಲೆ ಎರಗಿದರು. ಮರುದಿನ ದ್ರಿಯಾನ್ ತಮ್ಮ ತುಕಡಿಯೊಂದಿಗೆ ಕಾದಾಡುತ್ತ ಮಡಿದರು. ಮಾರ್ಚಿನಲ್ಲಿ ಗಾಲಿಯೇನಿ ಸಂಪುಟದ ಮುಂದೆ ಸೇನಾ ಕಚೇರಿಯ ಮೇಲೆ ದೀರ್ಘ ಟೀಕೆ ಓದಿ, ರಾಜೀನಾಮೆ ಕೊಟ್ಟು, ಮೇ ತಿಂಗಳಲ್ಲಿ ತೀರಿಕೊಂಡರು.

ಮುಂದಿನ ವರ್ಷ ಪರಿಸ್ಥಿತಿ ತಿರುವುಮುರುವು. ಮೊರಾಕ್ಕೊ ಆಳಿ ಬಂದ ಲ್ಯೋತೆ ಮಂತ್ರಿಯಾಗಿ, ರಹಸ್ಯ ಅಧಿವೇಶನದಲ್ಲೂ ವಿಮಾನಗಳ ವಿಷಯ ಹೇಳಲಾರೆನೆಂದು ಸಂಸದರನ್ನು ಕೆಣಕಿ, ಆ ಕೂಗಾಟದಲ್ಲೇ ಹುದ್ದೆ ಬಿಟ್ಟರು. ಅವರ ನಂತರ ಬಂದ ಗಣಿತಜ್ಞ ಪೇನ್ಲವೆಗೆ ಸೇನಾಪತಿ ನಿವೆಲ್ ಯೋಜನೆಯಲ್ಲಿ ನಂಬಿಕೆಯಿರಲಿಲ್ಲ, ತಡೆಯುವಷ್ಟು ಬಲವೂ ಇರಲಿಲ್ಲ. 1917ರ ಏಪ್ರಿಲ್ 16ರ ಆ ದಾಳಿ ನೆಲಕಚ್ಚಿ, ಸೈನಿಕರು ಆಜ್ಞೆ ಧಿಕ್ಕರಿಸತೊಡಗಿದ ಮೇಲೆ ನಿವೆಲ್ ಜಾಗಕ್ಕೆ ಪೆತೇನ್ ಬಂದರು.

ನವೆಂಬರಿನಲ್ಲಿ 76 ವರ್ಷದ ಕ್ಲೆಮಾನ್ಸೊ ಪ್ರಧಾನಿಯಾದರು, ಯುದ್ಧ ಖಾತೆಯನ್ನೂ ಇಟ್ಟುಕೊಂಡರು. ಬ್ರಿಯೆನ್ ಭವನದಲ್ಲಿ ಕಡತ ನೋಡಿ, ಮುರುಕು ಹ್ಯಾಟು ತೊಟ್ಟು, ಕೋಲು ಹಿಡಿದು ಕಂದಕಗಳಿಗೆ ಹೋಗಿ ಸಿಪಾಯಿಗಳ ಜೊತೆ ಹರಟುವುದು ಅವರ ವಾರದ ರೂಢಿ. ಜನರಲ್‌ಗಳಿಗೆ ಹೆದರದ, ಅವರನ್ನು ದ್ವೇಷಿಸಲೂ ಪುರಸೊತ್ತಿಲ್ಲದ ಮಂತ್ರಿ ಕೊನೆಗೂ ಸಿಕ್ಕಿದ್ದರು. 1918ರ ಮಾರ್ಚ್ 26ರಂದು ದುಲ್ಲಾನ್‌ನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳ ಸಮನ್ವಯ ಫೋಶ್ ಕೈಗೆ ಬಂತು. ಇಬ್ಬರೂ ಜಗಳವಾಡದೆ ಇರಲಿಲ್ಲ. ಅಮೆರಿಕದ ಪರ್ಶಿಂಗ್‌ಗೆ ಖಡಾಖಂಡಿತ ಆಜ್ಞೆ ಕೊಡಿ ಎಂದು ಅಕ್ಟೋಬರಿನಲ್ಲಿ ಕ್ಲೆಮಾನ್ಸೊ ಒತ್ತಾಯಿಸಿದರೆ ಫೋಶ್ ಕೇಳಲಿಲ್ಲ. ಆದರೂ ಇಬ್ಬರಲ್ಲಿ ಯಾರೂ ಇನ್ನೊಬ್ಬರನ್ನು ಕೆಡವಲು ಹೋಗಲಿಲ್ಲ.

ಮಂತ್ರಿಗಳು ಪದೇಪದೇ ಬದಲಾದದ್ದೇ ಕಾಯಿಲೆ ಎಂದು ಹೇಳುವವರು ಎಡ್ವರ್ಡ್ ದಲದಿಯೆಯನ್ನು ನೋಡಬೇಕು. 1936ರ ಜೂನಿನಿಂದ 1940ರ ಮೇ ವರೆಗೆ ರಕ್ಷಣೆಯೂ ಯುದ್ಧ ಖಾತೆಯೂ ಅವರಲ್ಲೇ ಇತ್ತು. ಸೇನೆಯ ತಲೆಯಾಗಿ ಆ ಉದ್ದಕ್ಕೂ ಗಾಮೆಲಾನ್ ಒಬ್ಬರೇ. ಅದಕ್ಕೂ ಮೊದಲು ಪೇನ್ಲವೆ ಅಡಿಪಾಯ ಹಾಕಿ, ವೆರ್ಡನ್ ಬಳಿ ಸಾರ್ಜೆಂಟ್ ಆಗಿ ಕಾಲು ಊನ ಮಾಡಿಕೊಂಡಿದ್ದ ಮಾಜಿನೊ 1930ರ ಜನವರಿಯಲ್ಲಿ 290 ಕೋಟಿ ಫ್ರಾಂಕ್ ಮಂಜೂರು ಮಾಡಿಸಿಕೊಂಡ ಗಡಿಕೋಟೆಗಳ ಸಾಲೂ ಸಿದ್ಧವಾಗಿತ್ತು. ಸ್ಥಿರತೆ, ಹಣ, ಕಾಂಕ್ರೀಟು ಎಲ್ಲವೂ ಇತ್ತು. ಮಂತ್ರಿ ಸೇನಾಪತಿಗೆ ಕಷ್ಟದ ಪ್ರಶ್ನೆ ಕೇಳುವುದು ಮಾತ್ರ ನಿಂತಿತ್ತು. ವೇಗದ ಟ್ಯಾಂಕ್ ಯುದ್ಧದ ಹೊತ್ತಿನಲ್ಲಿ ಗಾಮೆಲಾನ್ ವಿನ್ಸೆನ್ ಕೋಟೆಯಲ್ಲಿ ವೈರ್‌ಲೆಸ್ ಪ್ರೇಷಕವಿಲ್ಲದೆ ಕೂತಿದ್ದರು. ಆರು ವಾರಗಳಲ್ಲಿ ಎಲ್ಲ ಮುಗಿಯಿತು.

1940ರ ಜೂನಿನಲ್ಲಿ ಕೆಲವೇ ದಿನ ಬ್ರಿಯೆನ್ ಭವನದಲ್ಲಿ ಉಪಮಂತ್ರಿಯಾಗಿ ಕೂತಿದ್ದ ಜನರಲ್ ಡಿ ಗಾಲ್, 1944ರ ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾದಾಗ ಮೊದಲು ಹೋದ ಕಡೆಗಳಲ್ಲಿ ಅದೂ ಒಂದು. 1958ರ ಸಂವಿಧಾನದಲ್ಲಿ ಅವರು ಕೊಟ್ಟ ಉತ್ತರದ ಪ್ರಕಾರ ರಾಷ್ಟ್ರಾಧ್ಯಕ್ಷರೇ ಸೇನೆಗಳ ಮುಖ್ಯಸ್ಥರು. 1961ರ ಏಪ್ರಿಲಿನಲ್ಲಿ ಅಲ್ಜೀರ್ಸ್‌ನಲ್ಲಿ ನಾಲ್ವರು ಜನರಲ್‌ಗಳು ದಂಗೆಯೆದ್ದಾಗ, ಅಧ್ಯಕ್ಷರು ಸಮವಸ್ತ್ರ ತೊಟ್ಟು ಟಿ.ವಿ., ರೇಡಿಯೊದಲ್ಲಿ ಮಾತಾಡಿದರು. ಬ್ಯಾರಕ್ಕುಗಳಲ್ಲಿ ಟ್ರಾನ್ಸಿಸ್ಟರಿಗೆ ಕಿವಿಗೊಟ್ಟ ಕಡ್ಡಾಯ ಸೇವೆಯ ಹುಡುಗರು ದಂಗೆಕೋರರ ಮಾತು ಕೇಳಲಿಲ್ಲ. 1964ರ ಜನವರಿಯ ಆಜ್ಞೆಯೊಂದರಿಂದ ಅಣ್ವಸ್ತ್ರದ ಕೀಲಿಯೂ ಅಧ್ಯಕ್ಷರ ಕೈಸೇರಿತು. ಮಂತ್ರಿ ಮತ್ತೆ ಬಜೆಟ್ಟು, ಖರೀದಿ, ನಿವೃತ್ತಿ ವೇತನ ನೋಡುವವರಾದರು. 2016ರ ಸೆಪ್ಟೆಂಬರಿನಲ್ಲಿ 36 ರಫೇಲ್ ವಿಮಾನಗಳ ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿ ಹಾಕಿದ ರಕ್ಷಣಾ ಮಂತ್ರಿ ಲ ದ್ರಿಯಾನ್ ನಮ್ಮ ಪತ್ರಿಕೆಗಳಿಗೂ ಪರಿಚಿತರು.

ಅವರು ಹೋದ ಮೇಲೆ, 2017ರ ಬೇಸಗೆಯಲ್ಲಿ, ಸೇನಾ ಬಜೆಟ್ಟಿನಿಂದ ಆ ವರ್ಷ 85 ಕೋಟಿ ಯೂರೊ ಕಡಿತವಾಯಿತು. ಸೇನಾ ಮುಖ್ಯಸ್ಥ ಪಿಯೆರ್ ಡಿ ವಿಲಿಯೆ ಸಂಸದೀಯ ಸಮಿತಿಯ ಬಾಗಿಲು ಮುಚ್ಚಿದ ಸಭೆಯಲ್ಲಿ ಅದನ್ನು ಒರಟು ಮಾತಿನಲ್ಲಿ ಟೀಕಿಸಿದರು. ಮಾತು ಹೊರಗೆ ಸೋರಿತು. ಜುಲೈ 13ರಂದು ಬ್ರಿಯೆನ್ ಭವನದ ತೋಟದಲ್ಲಿ ಸೇನಾಧಿಕಾರಿಗಳನ್ನು ಸೇರಿಸಿ ಅಧ್ಯಕ್ಷ ಮ್ಯಾಕ್ರಾನ್, ನಿಮ್ಮ ಯಜಮಾನ ನಾನು ಎಂದು ನೆನಪಿಸಿದರು. ಆರನೆಯ ದಿನ ಜನರಲ್ ರಾಜೀನಾಮೆ ಕೊಟ್ಟರು. ಐದನೆಯ ಗಣರಾಜ್ಯದಲ್ಲಿ ಆ ಹುದ್ದೆಯಲ್ಲಿದ್ದವರು ಹೀಗೆ ಬಿಟ್ಟುಹೋದದ್ದು ಅದೇ ಮೊದಲು. ಅಂದೇ ಜನರಲ್ ಫ್ರಾನ್ಸ್ವಾ ಲಕ್ವಾಂತ್ರ್ ಆ ಸ್ಥಾನಕ್ಕೆ ಬಂದರು. ಈ ಇಡೀ ಜಟಾಪಟಿಯಲ್ಲಿ ಸೇನಾ ಖಾತೆಯ ಮಂತ್ರಿ ಫ್ಲಾರೆನ್ಸ್ ಪಾರ್ಲಿ ಅವರ ಹೆಸರು ಎತ್ತಿದವರು ಕಡಿಮೆ. ಅವರು ಆ ಕುರ್ಚಿಗೆ ಬಂದು ಆಗಿನ್ನೂ ಒಂದು ತಿಂಗಳೂ ತುಂಬಿರಲಿಲ್ಲ.